ಓಟ ಮುಗಿದ ಮೇಲೆ ಒಂದು ದಿನ ಉಳ್ಕೊಳ್ಳಿ

ಶಿವಮೊಗ್ಗದಲ್ಲಿ 10 ಕಿ.ಮೀ. ಓಟ ಮುಗಿಸಿ ಅವತ್ತೇ ಬೆಂಗಳೂರಿನ ಬಸ್ ಹತ್ತಬೇಕೋ, ಒಂದು ದಿನ ಉಳಿದು ಮಲೆನಾಡಲ್ಲಿ ಇನ್ನೊಂದು ಓಟ ಓಡಬಹುದೋ ಅಂತ ಕೇಳಿದ್ದೀರಿ. ಖಂಡಿತ ಉಳಿಯಿರಿ. ಬಸ್ಸೋ ತಾಳಗುಪ್ಪದ ರೈಲೋ, ಸಿಕ್ಕಿದ್ದು ಹಿಡಿದು ಸಾಗರಕ್ಕೆ ಬನ್ನಿ.

ಮರುದಿನ ಬೆಳಕು ಹರಿದ ಮೇಲೆ ಇಕ್ಕೇರಿಗೆ ಓಡಿ, ಊರಿಂದ ಸುಮಾರು 6 ಕಿ.ಮೀ. ಹಿಂದಿನ ದಿನ ದಣಿದ ಕಾಲು, ಮಾತಾಡಿಕೊಂಡು ಓಡುವಷ್ಟು ನಿಧಾನ ಸಾಕು. ಏರು ಬಂದಲ್ಲಿ ನಡೆಯಿರಿ, ವಾಚ್ ನೋಡಲೇಬೇಡಿ. ಅಡಿಕೆ ಸುಗ್ಗಿಯಾದರೆ ಅಂಗಳದ ತುಂಬ ಹರಡಿದ ಕೆಂಪಡಿಕೆ, ಬೇಯಿಸುವ ಹಂಡೆಯಿಂದ ಬರುವ ಚೊಗರಿನ ವಾಸನೆ. ಕಾರಲ್ಲಿ ಹೋಗುವವರಿಗೆ ಇದು ಸಿಗೋದೇ ಇಲ್ಲ! ಕೆಳದಿ ಅರಸರ ಕಾಲದ ಅಘೋರೇಶ್ವರ ದೇವಸ್ಥಾನದ ಎದುರು ಮಂಟಪದಲ್ಲಿ ದೊಡ್ಡ ನಂದಿ ಇದೆ, ಅಲ್ಲಿ ಅರ್ಧ ಗಂಟೆಯಾದರೂ ಕೂರಿ. ವಾಪಸ್ ಆಟೋದಲ್ಲಿ ಬಂದರೂ ಏನೂ ತಪ್ಪಿಲ್ಲ.

ಆಗುಂಬೆ ಘಾಟಿಯಲ್ಲಿ ಓಡುವ ಆಸೆ ಮಾತ್ರ ಬಿಟ್ಟುಬಿಡಿ. 14 ತಿರುವು, ಕಿರಿದಾದ ರಸ್ತೆ, ಮಂಜು ಕವಿದರೆ ಎದುರಿನ ಬಸ್ಸೂ ಕಾಣಲ್ಲ. ಮಳೆಗಾಲದಲ್ಲಿ ಬರ್ತೀರಾದರೆ ಪಾಚಿ ಕಟ್ಟಿದ ರಸ್ತೆಯಂಚು ಜಾರುತ್ತೆ, ಉಂಬಳದ (ಜಿಗಣೆ) ಕಾಟ ಬೇರೆ. ಡಾಂಬರು ಬಿಟ್ಟು ಇಳಿಯಬೇಡಿ, ಒಂದು ಜೊತೆ ಒಣ ಸಾಕ್ಸ್ ಹೆಚ್ಚಿಗೆ ತನ್ನಿ.