ಮೀನಿನ ಹೃದಯದ ಮುಂದಿರುವ ಆ ಬಿಳಿ ಉಬ್ಬು ಏನು?

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ಪ್ರಾಕ್ಟಿಕಲ್‌ನಲ್ಲಿ ಮೀನಿನ ಹೃದಯ ನೋಡಿದೆ. ಕೆಂಪು ಹೃದಯದ ಮುಂದೆ ಬೆಳ್ಳಗೆ ಒಂದು ಉಬ್ಬು ಇತ್ತು. ಅದು ‘ಬಲ್ಬಸ್ ಆರ್ಟೀರಿಯೋಸಸ್’ ಅಂದರು. ಮೂಗಿನ ಮೇಲ್ಭಾಗದಲ್ಲಿ, ಕೂದಲಿನ ಬುಡದಲ್ಲಿ ಕೂಡ ‘ಬಲ್ಬ್’ ಇದೆಯಂತೆ. ಇವೆಲ್ಲ ಒಂದೇ ಥರ ಕೆಲಸ ಮಾಡುತ್ತವೆಯೇ? ಇನ್ನೊಂದು ಮಾತು: ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಬೇರೇ ಕಿತ್ತು ಬಂತು ಎಂದು ಅರ್ಥವೇ?

ಉತ್ತರ: ಇಲ್ಲ, ಒಂದೊಂದರ ಕೆಲಸ ಒಂದೊಂದು. ಲ್ಯಾಟಿನ್‌ನಲ್ಲಿ ‘ಬಲ್ಬಸ್’ ಅಂದರೆ ಈರುಳ್ಳಿಯಂಥ ಗೆಡ್ಡೆ. ದೇಹ ಸೀಳಿ ನೋಡಿದವರು ಗೆಡ್ಡೆಯ ಹಾಗೆ ಉಬ್ಬಿದ್ದಕ್ಕೆಲ್ಲ ಆ ಹೆಸರು ಕೊಟ್ಟುಬಿಟ್ಟರು. ದೀಪದ ಬಲ್ಬಿಗೂ ಅದೇ ಹೆಸರು ಬಂತು. ಹಾಗಾಗಿ ಹೆಸರು ನೋಡಿ ಕೆಲಸ ಊಹಿಸಲು ಹೋಗಬೇಡಿ.

ನೀವು ನೋಡಿದ ಮೀನಿನದ್ದು ನನಗೆ ತುಂಬಾ ಇಷ್ಟವಾದ ಬಲ್ಬ್. ಮೀನಿನ ಹೃದಯದಿಂದ ಹೊರಟ ರಕ್ತ ನೇರ ಕಿವಿರುಗಳಿಗೆ ಹೋಗುತ್ತದೆ. ಅಲ್ಲಿನ ರಕ್ತನಾಳಗಳ ಗೋಡೆ ತೀರಾ ತೆಳು, ಇಲ್ಲದಿದ್ದರೆ ನೀರಿನಲ್ಲಿರುವ ಆಮ್ಲಜನಕ ಒಳಗೆ ಬರುವುದಿಲ್ಲ. ಹೃದಯವೋ ಒಂದೊಂದು ಬಡಿತಕ್ಕೂ ರಕ್ತವನ್ನು ಜೋರಾಗಿ ತಳ್ಳುತ್ತದೆ. ಆ ಪೆಟ್ಟು ಹಾಗೇ ಕಿವಿರಿಗೆ ಬಿದ್ದರೆ ಕಷ್ಟ, ಅಲ್ವಾ? ನಡುವೆ ಈ ಬಲ್ಬ್ ಇದೆ. ರಕ್ತ ನುಗ್ಗಿದಾಗ ಬಲೂನಿನಂತೆ ಹಿಗ್ಗಿ ಒಂದಷ್ಟನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಹೃದಯ ಸಡಿಲವಾದಾಗ ತಾನು ಕುಗ್ಗುತ್ತಾ ಆ ರಕ್ತವನ್ನು ಮುಂದಕ್ಕೆ ಬಿಡುತ್ತದೆ. ಹಿಂದಕ್ಕೆ ಹೋಗದಂತೆ ಬುಡದಲ್ಲಿ ಕವಾಟಗಳಿವೆ. ಹೀಗೆ ಬಿಟ್ಟು ಬಿಟ್ಟು ಬರುವ ರಕ್ತ ಕಿವಿರಿಗೆ ಹೆಚ್ಚುಕಡಿಮೆ ಒಂದೇ ಸಮನೆ ಹರಿಯುತ್ತದೆ.

ಬಿಳಿ ಬಣ್ಣಕ್ಕೂ ಕಾರಣ ಇದೇ. ಅದರಲ್ಲಿ ಹೃದಯದ ಕೆಂಪು ಸ್ನಾಯು ಇಲ್ಲ. ರಬ್ಬರಿನ ಗುಣದ ಎಲಾಸ್ಟಿನ್ ಜಾಸ್ತಿ, ಜತೆಗೆ ರಕ್ತನಾಳಗಳಲ್ಲಿರುವ ಥರದ ನಯವಾದ ಸ್ನಾಯು. ಅಂದರೆ ಅದು ಹೃದಯದಂತೆ ತಾನಾಗಿ ಬಡಿಯುವುದಿಲ್ಲ. ಮುಂದಿನ ಸಲ ಅದನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದು ಬಿಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಶಾರ್ಕ್ ಸಿಕ್ಕರೆ ಮಾತ್ರ ಈ ಮಾತು ನಡೆಯದು. ಅದರಲ್ಲಿ ಆ ಜಾಗದಲ್ಲಿರುವುದು ‘ಕೋನಸ್’ ಎಂಬ, ಬಡಿಯುವ ಹೃದಯಸ್ನಾಯುವಿನ ಭಾಗ.

ನಮ್ಮ ಕತ್ತಿನಲ್ಲಿ ತಲೆಗೆ ರಕ್ತ ಒಯ್ಯುವ ಕೆರೊಟಿಡ್ ರಕ್ತನಾಳ ಕವಲೊಡೆಯುವಲ್ಲಿಯೂ ಸಣ್ಣದೊಂದು ಉಬ್ಬಿದೆ. ಇದು ಹಿಗ್ಗುವುದು ರಕ್ತ ಕೂಡಿಡಲು ಅಲ್ಲ, ಒತ್ತಡ ಅಳೆಯಲು. ಗೋಡೆ ಹಿಗ್ಗಿದಷ್ಟೂ ಅಲ್ಲಿನ ನರತುದಿಗಳು ಮಿದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ, ಹೃದಯ ನಿಧಾನವಾಗುತ್ತದೆ. (ಮಿದುಳಿನ ಆ ಬುಡಕ್ಕೂ ಹಿಂದೆ ಬಲ್ಬ್ ಎಂದೇ ಹೆಸರಿತ್ತು. ವೈದ್ಯರು ಇಂದಿಗೂ ‘ಬಲ್ಬಾರ್’ ಎನ್ನುವುದು ಅದಕ್ಕೇ.) ಕೆಲವರಿಗೆ ಬಿಗಿ ಕಾಲರ್ ಕತ್ತಿನ ಈ ಉಬ್ಬನ್ನು ಒತ್ತಿದರೂ ತಲೆ ಸುತ್ತಿ ಬೀಳುವುದುಂಟು. ಸುಮ್ನೆ ಒತ್ತಿ ಪರೀಕ್ಷೆ ಮಾಡಬೇಡಿ.

ಮೂಗಿನ ಮೇಲ್ಭಾಗದಲ್ಲಿರುವ ವಾಸನೆಯ ಬಲ್ಬ್ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದು ಮಿದುಳಿನದೇ ಭಾಗ, ಕೆಲಸ ವಿಂಗಡಣೆ. ಮನುಷ್ಯರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು (ರಿಸೆಪ್ಟರ್‌ಗಳು) ಸುಮಾರು 400 ಬಗೆ, ಇಲಿಯಲ್ಲಿ ಸುಮಾರು 1,000. ಒಂದೇ ಬಗೆಯ ಗ್ರಾಹಕವಿರುವ ಜೀವಕೋಶಗಳು ಮೂಗಿನಲ್ಲಿ ಚೆದುರಿಕೊಂಡಿರುತ್ತವೆ. ಆದರೆ ಅವುಗಳ ನರತಂತುಗಳು ಮೂಳೆಯ ಸಣ್ಣ ತೂತುಗಳಲ್ಲಿ ಮೇಲೇರಿ, ಬಲ್ಬಿನಲ್ಲಿ ತಮ್ಮ ಬಗೆಗೆಂದೇ ಇರುವ ಗಂಟುಗಳಿಗೆ ಬಂದು ಸೇರುತ್ತವೆ. ಯಾವ ಯಾವ ಗಂಟು ಚುರುಕಾಯಿತು ಎಂಬುದರ ಮೇಲೆ ಮಿದುಳಿಗೆ ವಾಸನೆ ಗುರುತಾಗುತ್ತದೆ. ಈ ಗ್ರಾಹಕಗಳನ್ನೂ ಈ ಏರ್ಪಾಡನ್ನೂ ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರಲ್ಲಿ ನೊಬೆಲ್ ಬಂತು. ತಲೆಗೆ ಜೋರು ಪೆಟ್ಟು ಬಿದ್ದಾಗ ಕೆಲವರಿಗೆ ವಾಸನೆ ತಿಳಿಯದಂತಾಗುವುದು ಆ ತೂತುಗಳ ಬಳಿ ತಂತು ಕತ್ತರಿಸಿ ಹೋಗುವುದರಿಂದ. ನೆಲ ಮೂಸಿ ಹುಳ ಹುಡುಕುವ ನ್ಯೂಜಿಲೆಂಡಿನ ‘ಕಿವಿ’ (kiwi) ಹಕ್ಕಿಯಲ್ಲಿ ಈ ಬಲ್ಬ್ ದೊಡ್ಡದು. ಬೆಳೆದ ಡಾಲ್ಫಿನ್‌ನಲ್ಲಿ ಇಲ್ಲವೇ ಇಲ್ಲ.

ಇನ್ನು ಕೂದಲು. ಅದರ ಬಲ್ಬ್ ಬೆಳವಣಿಗೆಯ ಜಾಗ. ಒಳಗಿನ ಜೀವಕೋಶಗಳು ಬಿಡದೆ ಒಡೆದು ಹೆಚ್ಚುತ್ತವೆ, ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಬಣ್ಣ ಸೇರುವುದೂ ಅಲ್ಲೇ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಆದರೆ ನಿಮ್ಮನ್ನು ಹೆದರಿಸಿದ ಬಿಳಿ ಚುಕ್ಕೆ ಈ ಬಲ್ಬ್ ಅಲ್ಲ. ಬೆಳೆದು ಮುಗಿದ ಕೂದಲಿನ ಬುಡ ಗಟ್ಟಿಯಾಗಿ, ಬಣ್ಣ ಕಳೆದುಕೊಂಡು ಸಣ್ಣ ಗದೆಯಂತಾಗುತ್ತದೆ. ಬಾಚಣಿಗೆಯಲ್ಲಿ ಸಿಗುವುದು ಅದು. ಹೊಸ ಕೂದಲು ಹುಟ್ಟಿಸುವ ಚೀಲ ಚರ್ಮದೊಳಗೆ ಹಾಗೇ ಉಳಿದಿರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಮಾಮೂಲು. ಅದಕ್ಕಿಂತ ಜಾಸ್ತಿ ಉದುರುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಬಿಳಿ ಚುಕ್ಕೆಯ ಚಿಂತೆ ಬಿಡಿ.