1929ರ ‘ದಿ ಬ್ರಾಡ್‌ವೇ ಮೆಲೊಡಿ’ ಇಂದಿಗೂ ನೋಡುವಂತಿದೆಯೇ? ಅದರ ಕ್ಯಾಮೆರಾ ಅಷ್ಟು ಜಡವೇಕೆ?

ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಪಡೆದ ಮೊದಲ ಟಾಕಿ ಎಂಬ ಕುತೂಹಲದಿಂದ ಹಿಂದೊಮ್ಮೆ ನೋಡಿದ್ದ ಈ ಚಿತ್ರವನ್ನು ಇತ್ತೀಚೆಗೆ ಮತ್ತೆ ನೋಡಿದೆ. ತಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ನೋಡಬಹುದು, ಆದರೆ ಕಥೆಗಾಗಿ ಅಲ್ಲ. ಹೆಸರು ಮಾಡುವ ಆಸೆಯಿಂದ ನ್ಯೂಯಾರ್ಕಿಗೆ ಬಂದ ಅಕ್ಕತಂಗಿಯರು, ಅಕ್ಕನನ್ನು ಮದುವೆಯಾಗಬೇಕಿದ್ದವನು ತಂಗಿಗೆ ಮನಸೋಲುವುದು, ಕೊನೆಗೆ ಅಕ್ಕನ ತ್ಯಾಗ, ಇಷ್ಟೇ ಅದರ ಕಥೆ.

ಕ್ಯಾಮೆರಾ ಕಟ್ಟಿಹಾಕಿದಂತೆ ನಿಂತಿರುವುದಕ್ಕೆ ನಿರ್ದೇಶಕ ಹ್ಯಾರಿ ಬೋಮಾಂಟ್ ಅವರನ್ನು ದೂರುವುದು ನ್ಯಾಯವಲ್ಲ. ಅಂದಿನ ಕ್ಯಾಮೆರಾದ ಸದ್ದು ಮೈಕಿಗೆ ಕೇಳಿಸಬಾರದೆಂದು ಅದನ್ನೂ ಛಾಯಾಗ್ರಾಹಕನನ್ನೂ ಗಾಜಿನ ಕಿಟಕಿಯುಳ್ಳ ಮುಚ್ಚಿದ ಗೂಡಿನೊಳಗೆ ಇರಿಸುತ್ತಿದ್ದರು. ನಟರೂ ಮೈಕಿನ ಅಳವು ಮೀರಿ ಕದಲುವಂತಿರಲಿಲ್ಲ. ಮೂಕಿಯ ಕೊನೆಯ ವರ್ಷಗಳಲ್ಲಿ ಸ್ವಚ್ಛಂದವಾಗಿ ಚಲಿಸುತ್ತಿದ್ದ ಕ್ಯಾಮೆರಾ, ಮಾತು ಬಂದೊಡನೆ ಹೀಗೆ ಸೆರೆಯಾಯಿತು. ಮಾತು ಬಂದಮೇಲೂ ದೃಶ್ಯಗಳ ನಡುವೆ ಬರಹದ ಫಲಕಗಳು ಉಳಿದುಕೊಂಡಿರುವುದನ್ನು ನೋಡಿ ನನಗೆ ನಗು ಬಂತು.

ಆದರೆ ಈ ಸೆರೆಯಿಂದ ಬಿಡುಗಡೆಯ ದಾರಿ ಸಿಕ್ಕಿದ್ದೂ ಇದೇ ಚಿತ್ರದ ತಯಾರಿಕೆಯಲ್ಲಿ. ‘ವೆಡ್ಡಿಂಗ್ ಆಫ್ ದಿ ಪೇಂಟೆಡ್ ಡಾಲ್’ ನೃತ್ಯವನ್ನು ಮೊದಲು ಚಿತ್ರೀಕರಿಸಿದ ರೀತಿ ಚಿತ್ರವನ್ನು ತಯಾರಿಸಿದ ಎಂಜಿಎಂ ಸ್ಟುಡಿಯೋದ ನಿರ್ಮಾಣ ಮುಖ್ಯಸ್ಥ ಇರ್ವಿಂಗ್ ಥಾಲ್ಬರ್ಗ್ ಅವರಿಗೆ ಹಿಡಿಸದೆ, ಮತ್ತೆ ತೆಗೆಯುವಂತೆ ಹೇಳಿದರು. ಸಂಗೀತ ಚೆನ್ನಾಗಿಯೇ ಬಂದಿರುವಾಗ ವಾದ್ಯವೃಂದವನ್ನು ಪುನಃ ಕರೆಸುವುದೇಕೆ, ಧ್ವನಿಮುದ್ರಿಕೆಯನ್ನು ಲೌಡ್‌ಸ್ಪೀಕರಿನಲ್ಲಿ ಹಾಕಿ ಅದಕ್ಕೆ ಕುಣಿಸಿದರೆ ಸಾಕಲ್ಲ ಎಂದು ಧ್ವನಿ ವಿಭಾಗದ ಡಗ್ಲಸ್ ಶಿಯರರ್ ಸೂಚಿಸಿದರು. ಚಿತ್ರೀಕರಣದ ವೇಳೆ ಧ್ವನಿ ಹಿಡಿಯಬೇಕಾಗಿಲ್ಲವೆಂದರೆ ಕ್ಯಾಮೆರಾದ ಸದ್ದಿಗೂ ಹೆದರಬೇಕಾಗಿಲ್ಲ. ಮೊದಲೇ ಮುದ್ರಿಸಿದ ಹಾಡಿಗೆ ಕುಣಿಯುವ ಈ ಕ್ರಮ ನಮ್ಮ ಚಿತ್ರರಂಗಕ್ಕೂ ಚಿರಪರಿಚಿತವಾದುದರಿಂದ, ಕನ್ನಡ ಪ್ರೇಕ್ಷಕನಿಗೆ ಆ ನೃತ್ಯದಲ್ಲಿ ವಿಶೇಷವೇನೂ ಕಾಣದಿರಬಹುದು. ಎರಡು ಬಣ್ಣಗಳ ಟೆಕ್ನಿಕಲರ್‌ನಲ್ಲಿ ತೆಗೆದಿದ್ದ ಆ ಭಾಗ ಇಂದು ಕಪ್ಪುಬಿಳುಪಿನಲ್ಲಿ ಮಾತ್ರ ಉಳಿದಿದೆ.

ಎರಡನೆಯ ಸಲ ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅಕ್ಕ ಹ್ಯಾಂಕ್‌ಳ ಪಾತ್ರದ ಬೆಸ್ಸಿ ಲವ್. ಪ್ರೀತಿಸಿದವನನ್ನು ಬೇಡವೆಂದು ನಟಿಸಿ ತಂಗಿಯ ಬಳಿಗೆ ಅಟ್ಟಿದ ಮೇಲೆ, ಕನ್ನಡಿಯೆದುರು ಕುಳಿತು ಮುಖದ ಬಣ್ಣ ತೆಗೆಯುತ್ತ ಆಕೆ ಬಿಕ್ಕುವ ದೃಶ್ಯದಲ್ಲಿ ಮೂಕಿಯಲ್ಲಿ ಪಳಗಿದ ಮುಖವೂ ಹೊಸದಾಗಿ ದೊರೆತ ಧ್ವನಿಯೂ ಒಂದಕ್ಕೊಂದು ಅಡ್ಡಬರದೆ ಕೆಲಸ ಮಾಡುತ್ತವೆ. ಕ್ಯಾಮೆರಾದ ಜಡತೆ ಇಲ್ಲಿ ಕೊರತೆಯೆನಿಸುವುದಿಲ್ಲ. ಅವರ ಹೆಸರು ಅತ್ಯುತ್ತಮ ನಟಿಯ ಆಸ್ಕರ್‌ಗೆ ಪರಿಗಣಿತವಾಗಿತ್ತು. ಬಹುಮಾನ ಚಿತ್ರಕ್ಕೆ ಬರುವ ಬದಲು ಅವರಿಗೆ ಬಂದಿದ್ದರೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತಿತ್ತು.