ತಡೆಗೋಡೆ ಸಾಕಾ ಎಂದವರಿಗೆ
ಕುಶಾಲನಗರದಲ್ಲಿ ಕಾವೇರಿಗೆ ಎತ್ತರದ ತಡೆಗೋಡೆ ಕಟ್ಟಿದರೆ ಪ್ರವಾಹ ನಿಲ್ಲುತ್ತದಾ, ಪಕ್ಕದಲ್ಲೇ ಪಾರ್ಕೂ ಮಾಡಬಹುದಾ ಅಂತ ಕೇಳಿದ್ದೀರಿ. ಗೋಡೆ ಒಂದೇ ಸಾಲದು ಸರ್. ಇಲ್ಲಿ ತಡೆದ ನೀರು ಎದುರು ದಡಕ್ಕೋ ಕೆಳಗಿನ ಊರಿಗೋ ನುಗ್ಗುತ್ತದೆ. ಮುಳುಗಲೆಂದೇ ಪಾರ್ಕ್ ಮಾಡಬೇಕು.

ಸಿಂಗಾಪುರದ ಬಿಶಾನ್ ಪಾರ್ಕಿನಲ್ಲಿ 2.7 ಕಿ.ಮೀ. ಕಾಂಕ್ರೀಟ್ ಕಾಲುವೆ ಒಡೆದು, 3.2 ಕಿ.ಮೀ. ಬಳುಕುವ ಹೊಳೆ ಮಾಡಿದರು. 2012ರಲ್ಲಿ ಮುಗಿಯಿತು. ಮಳೆ ಜೋರಾದರೆ ಹುಲ್ಲುಹಾಸೇ ಹೊಳೆ. ಸೈರನ್ ಕೂಗುತ್ತದೆ, ಜನ ಮೇಲೆ ಹತ್ತುತ್ತಾರೆ. ಕಾವೇರಿ ಅದಕ್ಕಿಂತ ಬಹಳ ದೊಡ್ಡವಳು, ಅಳತೆ ನಕಲು ಮಾಡೋಕಾಗಲ್ಲ.

ಆದರೆ 2019ರಲ್ಲಿ ನೀರಿಳಿದ ಮೇಲೆ ಇಲ್ಲಿನ ಬಡಾವಣೆಯ ಮನೆಗಳ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿತ್ತಲ್ಲ, ನದಿಯ ನಿಜವಾದ ಗಡಿ ಅದೇ. ಅದರೊಳಗಿನ ಖಾಲಿ ಜಾಗಕ್ಕೆ ದಯವಿಟ್ಟು ಇನ್ನೊಂದು ಲೇಔಟ್ ಬೇಡ. ಹೊಳೆಮತ್ತಿ, ಬಿದಿರು ನೆಟ್ಟು ಮಕ್ಕಳಿಗೆ ಆಡೋಕೆ ಬಿಡಲಿ.